ಅಮ್ಮನ ಕೈಯ ಖಾಲಿ ಬಾಟಲಿ

ರದ್ದಾಗಲಿರುವ ಹಳೆಯ ಅಪರಾಧಗಳ ಪಟ್ಟಿ ಸರ್ಕಾರಿ ಮುದ್ರಣಾಲಯಕ್ಕೆ ಬಂದ ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪ್ರೂಫ್ ತಿದ್ದುವವಳು ನಾನು. ಮೊದಲ ಪ್ರೂಫಿನ ಹದಿನೇಳನೆಯ ಸಾಲು ಹೀಗಿತ್ತು: ಕಾರಣವಿಲ್ಲದೆ ಬೀದಿಯಲ್ಲಿ ಅಲೆದಾಡುವುದು. ಎರಡನೆಯ ಪ್ರೂಫಿನಲ್ಲಿ ಅದೊಂದೇ ಮಾಯ. ಹದಿನಾರಾದ ಮೇಲೆ ಹದಿನೆಂಟು. ಪಟ್ಟಿಯಲ್ಲಿ ಇಲ್ಲದ್ದು ಅಪರಾಧವಾಗಿಯೇ ಉಳಿಯುತ್ತದೆ.

ಮೂವತ್ತೆಂಟು ವರ್ಷದ ಹಿಂದೆ ಅಮ್ಮನನ್ನು ಒಳಗೆ ಹಾಕಿದ್ದು ಅದೇ ಅಪರಾಧಕ್ಕೆ. ಎರಡು ತಿಂಗಳ ಕೂಸು ನಾನು, ರಚ್ಚೆ ಹಿಡಿದಿದ್ದೆನಂತೆ. ಸಮಾಧಾನ ಮಾಡಲು ಎತ್ತಿಕೊಂಡು ಬೀದಿಗಿಳಿದಳು. ಪೊಲೀಸಿನವನು ಎಲ್ಲಿಗೆ ಎಂದ. ಎಲ್ಲಿಗೂ ಇಲ್ಲ ಎಂದಳು. ಅಷ್ಟಕ್ಕೇ ಮೂರು ದಿನ ಲಾಕಪ್ಪು. ಅಂದಿನಿಂದ ಅಮ್ಮ ಖಾಲಿ ಎಣ್ಣೆ ಬಾಟಲಿ ಹಿಡಿಯದೆ ಹೊಸ್ತಿಲು ದಾಟಿದವಳಲ್ಲ, ಯಾರಾದರೂ ಕೇಳಿದರೆ ಕಾರಣ ಕೈಯಲ್ಲೇ ಇರಲಿ ಅಂತ. ಆ ಬಾಟಲಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಮೇಲ್ವಿಚಾರಕರಿಗೆ ಅಲ್ಪವಿರಾಮ ಎಂದು ಅಡ್ಡಹೆಸರು. ಎರಡು ಪದಕ್ಕೊಮ್ಮೆ ನಿಲ್ಲುತ್ತಾರೆ. ಸಾಲು ಬಿಟ್ಟುಹೋದದ್ದನ್ನು ಅವರಿಗೆ ತೋರಿಸಿದೆ.

"ಬಿಟ್ಟಿದ್ದಾರೆ ಅಂದ್ರೆ, ಬಿಟ್ಟಿದ್ದಾರೆ. ನಮ್ಮ ಕೆಲಸ, ಕಾಗುಣಿತ. ಊರ ಉಸಾಬರಿ, ನಮಗ್ಯಾಕೆ?"

"ಊರದ್ದಲ್ಲ ಸರ್, ನಮ್ಮ ಮನೇದು," ಅಂದವಳೇ ಪ್ರೂಫ್ ಎತ್ತಿಕೊಂಡು ಹೊರಟೆ.

ಕಾನೂನು ಇಲಾಖೆಯವರೆಗೂ ಓಡುನಡಿಗೆ. ಅಲ್ಲಿ ಮೂರು ಮೇಜು ಅಲೆಸಿದರು. ನಾಲ್ಕನೆಯ ಮೇಜಿನ ಗುಮಾಸ್ತೆ ಮೂಲಪ್ರತಿ ತೆಗೆದು, "ಅಯ್ಯೋ, ಟೈಪ್ ಮಾಡೋವಾಗ ಬಿಟ್ಟುಹೋಗಿದೆ," ಅಂದಳು, ಏನೂ ಆಗಿಲ್ಲವೆನ್ನುವಂತೆ. ಸಹಿ ಹಾಕಿಸಿಕೊಂಡು ಬಂದು ಸಾಲು ಸೇರಿಸಿದೆ. ಆದರೂ ಅಚ್ಚಾದ ಹಾಳೆ ಕೈಗೆ ಬರುವವರೆಗೆ, ಇನ್ನೂ ನಾಲ್ಕು ದಿನ, ದಿನವೂ ಹೋಗಿ ಆ ಸಾಲು ಇದೆಯೇ ಎಂದು ನೋಡಿ ಬರುತ್ತಿದ್ದೆ.

ಹಾಳೆ ಬಂದ ಸಂಜೆಯೇ ಅದನ್ನು ಅಮ್ಮನ ಮುಂದೆ ಹಿಡಿದೆ. ಕನ್ನಡಕ ಏರಿಸಿ ಎರಡು ಸಲ ಓದಿದಳು.

"ಹಾಗಾದ್ರೆ ನಂದು ತಪ್ಪಿರಲಿಲ್ಲ ಅಂತಾಯ್ತು?"

"ಇರಲೇ ಇಲ್ಲ ಕಣಮ್ಮ. ನಡಿ, ಸುಮ್ನೆ ಒಂದು ಸುತ್ತು ಹೋಗಿಬರೋಣ."

ಚಪ್ಪಲಿ ಮೆಟ್ಟಿದಳು. ಕೈ ತಾನಾಗಿ ಬಾಟಲಿಗೆ ಹೋಯಿತು. ತುಸು ತಡೆದು, ಅಲ್ಲೇ ಬಿಟ್ಟಳು.

ಗೇಟು ದಾಟಿ ಬೀದಿಗೆ ಬಂದವಳು ನಿಂತೇಬಿಟ್ಟಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಎಣ್ಣೆ ಅಂಗಡಿ ಇದ್ದದ್ದು ಎಡಕ್ಕೆ. ಮೂವತ್ತೆಂಟು ವರ್ಷದಲ್ಲಿ ಅವಳು ಒಂದು ಸಲವೂ ಬಲಕ್ಕೆ ತಿರುಗಿರಲಿಲ್ಲ.

"ಅಲ್ಲ ಕಣೇ," ಎಂದು ಕೇಳಿದಳು, "ಆ ಕಡೆ ಏನಿದೆ?"