ಹೆಗಲ ಮೇಲೆ ಒಂದು ಸಲ

ದಾಂಡೇಲಿಯಲ್ಲಿ ಈಗ ನನಗೆ ಟಿವಿ ತಾಜುದ್ದೀನ ಅನ್ನುತ್ತಾರೆ. ಚಹಾದಂಗಡಿಯವನು ಕೂಗಿ ಕರೆದು ಕೂಡಿಸುತ್ತಾನೆ, ಕ್ಷೌರದವನು ಮೊಬೈಲ್ ತೆಗೆದು ಆ ವಿಡಿಯೋ ಮತ್ತೊಮ್ಮೆ ಹಚ್ಚುತ್ತಾನೆ. ಅದರಲ್ಲಿ ನಾನು ಶಾಲು ಹೊದ್ದು ನಿಂತಿದ್ದೇನೆ, ಪಕ್ಕದಲ್ಲಿ ಸೋಮಣ್ಣ ಚಪ್ಪಾಳೆ ತಟ್ಟುತ್ತಿದ್ದಾನೆ. "ಮುದಕಗ ಎಷ್ಟ ಖುಷಿ ಆಗೇತಿ ನೋಡ್ರಿ" ಎಂದು ಜನ ಅನ್ನುತ್ತಾರೆ. ಅರ್ಧ ಗಡ್ಡದಲ್ಲೇ ಎದ್ದು ಬಂದುಬಿಡಬೇಕು ಅನಿಸುತ್ತದೆ. ಅವರಿಗೇನು ಗೊತ್ತು. ಗೊತ್ತಿದ್ದವನು ನಾನೊಬ್ಬ. ಬಾಯಿ ಮುಚ್ಚಿಕೊಳ್ಳಬೇಕಾದಾಗ ಮಾತಾಡಿದೆ, ಮಾತಾಡಬೇಕಾದಾಗ ಮುಚ್ಚಿಕೊಂಡೆ.

ಊರ ಹೊರಗಿನ ಪ್ಲೈವುಡ್ ಕಾರ್ಖಾನೆಯಲ್ಲಿ ಸೋಮಣ್ಣ ಮತ್ತು ನಾನು ಇಪ್ಪತ್ತಾರು ವರ್ಷ ಜೋಡಿಯಾಗಿ ಕೆಲಸ ಮಾಡಿದೆವು. ಅವನು ಕುಳಗಿ ರಸ್ತೆಯ ಸಿದ್ದಿ ಕೇರಿಯವನು, ನನಗಿಂತ ಆರು ವರ್ಷ ದೊಡ್ಡವನು. ಲಾರಿಯಲ್ಲಿ ಬಂದ ದಿಮ್ಮಿಗಳನ್ನು ಯಂತ್ರಕ್ಕೆ ಕೊಡುವ ಮೊದಲು ಪರೀಕ್ಷಿಸುವುದು ನಮ್ಮ ಕೆಲಸ. ಆ ಯಂತ್ರ ದಿಮ್ಮಿಯನ್ನು ತಿರುಗಿಸುತ್ತ ತೆಳ್ಳಗೆ ಸುಲಿಯುತ್ತದೆ. ಒಳಗೊಂದು ಮೊಳೆ ಸಿಕ್ಕಿತೋ, ಬ್ಲೇಡು ಹೋಯಿತು, ಆ ದಿನದ ಕೆಲಸವೂ ಹೋಯಿತು. ಮುಂಡಗೋಡ ಕಡೆಯ ಮರ ಬಂದರೆ ನಮಗೆ ದಿಗಿಲು. ಅಲ್ಲಿನ ಚಿಗಳ್ಳಿಯ ರೈತರು ಬದುವಿನ ಮರಕ್ಕೆ ಮೊಳೆ ಹೊಡೆದು ತಂತಿ ಬೇಲಿ ಬಿಗಿದಿರುತ್ತಾರೆ, ಮರ ಬೆಳೆಯುತ್ತ ಮೊಳೆಯನ್ನು ನುಂಗಿರುತ್ತದೆ, ಮೇಲೆ ಗುರುತೇ ಇರುವುದಿಲ್ಲ. ಸೋಮಣ್ಣ ಸುತ್ತಿಗೆಯಿಂದ ಬಡಿದು ಸದ್ದು ಕೇಳುತ್ತ ಹೋಗಿ ಒಂದು ಕಡೆ ನಿಲ್ಲುತ್ತಿದ್ದ. "ಇಲ್ಲಿ ಐತಿ" ಎಂದು ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ಅಲ್ಲಿ ಕೆತ್ತಿದರೆ ಕರ್ರಗೆ ಕೊಳೆತ ಮರದೊಳಗೆ ಮೊಳೆ ಇರುತ್ತಿತ್ತು.

ಆರು ವರ್ಷದ ಹಿಂದೆ ಅವನ ಕಿವಿ ಹೋಯಿತು. ಯಂತ್ರದ ಬುಡದಲ್ಲಿ ಅಷ್ಟು ವರ್ಷ ನಿಂತರೆ ಇನ್ನೇನಾದೀತು. ಮೊದಲು ಮೆಲುದನಿ ಹೋಯಿತು, ಆಮೇಲೆ ಎಲ್ಲ ಹೋಯಿತು. ನನ್ನನ್ನು ಬಿಟ್ಟು ಯಾರಿಗೂ ತಿಳಿಯಲಿಲ್ಲ, ಯಾಕೆಂದರೆ ಅವನು ತುಟಿ ನೋಡಿ ಮಾತು ಹಿಡಿಯುವುದನ್ನು ಬಹಳ ಬೇಗ ಕಲಿತ. ಕಾರ್ಖಾನೆಯ ಗದ್ದಲದಲ್ಲಿ ಎಲ್ಲರೂ ಅರ್ಧ ಕಿವುಡರೇ. ದಿಮ್ಮಿಯನ್ನು ಈಗ ನಾನು ಬಡಿಯುತ್ತಿದ್ದೆ, ಅವನು ಅಂಗೈ ಇಟ್ಟು ನೋಡುತ್ತಿದ್ದ. ಕಿವಿ ಹೇಳುತ್ತಿದ್ದುದನ್ನೇ ಅಂಗೈ ಹೇಳುತ್ತಿತ್ತು. ಆರು ವರ್ಷದಲ್ಲಿ ಒಂದು ಮೊಳೆಯೂ ಅವನ ಕೈ ತಪ್ಪಿಸಿಕೊಂಡು ಹೋಗಲಿಲ್ಲ.

ತೊಂದರೆ ಇದ್ದದ್ದು ದಿಮ್ಮಿ ತರುವ ಗಾಡಿಗಳದ್ದು. ಅವು ಬೆನ್ನ ಹಿಂದಿನಿಂದ ಬರುತ್ತವೆ, ಹಾರ್ನು ಹೊಡೆಯುತ್ತವೆ, ಸೋಮಣ್ಣನಿಗೆ ಕೇಳಿಸುವುದಿಲ್ಲ. ಅದಕ್ಕೆ ನಾವೊಂದು ರೂಢಿ ಮಾಡಿಕೊಂಡೆವು. ಹೆಗಲ ಮೇಲೆ ಒಂದು ಸಲ ಬಡಿದರೆ ಎಲ್ಲ ಬರೋಬರಿ ಐತಿ, ಕೆಲಸ ನಡೆಸು. ಎರಡು ಸಲ ಬಡಿದರೆ ಬದಿಗೆ ಸರಿ. ಅವನು ತಿರುಗಿ ಕೂಡ ನೋಡುತ್ತಿರಲಿಲ್ಲ, ಸರಿದುಬಿಡುತ್ತಿದ್ದ.

ಅವನ ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇದೆ. ನಿವೃತ್ತಿಯಾಗುವವನು ಕೊನೆಯ ದಿನ ಸಂಜೆ ಐದಕ್ಕೆ ತಾನೇ ಕಾರ್ಖಾನೆಯ ಸೈರನ್ನು, ನಮ್ಮ ಮಾತಿನಲ್ಲಿ ಭೋಂಗಾ, ಎಳೆಯುತ್ತಾನೆ, ಮೂರು ಸಲ. ದಿನದ ಭೋಂಗಾ ಒಂದು ಸಲವಾದ್ದರಿಂದ ಮೂರು ಕೇಳಿದರೆ ಯಾರೋ ದುಡಿದು ಮುಗಿಸಿ ಮನೆಗೆ ಹೊರಟರು ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಗೆಳೆಯರೆಲ್ಲ ಅವನನ್ನು ಮನೆತನಕ ನಡೆಸಿಕೊಂಡು ಹೋಗುತ್ತೇವೆ. ಸೋಮಣ್ಣ ಆ ದಿನಕ್ಕಾಗಿ ಕಾಯುತ್ತಿದ್ದ.

"ನಿನಗ ಕೇಳಸೂದಽ ಇಲ್ಲಲ್ಲೋ ಅಣ್ಣಾ" ಎಂದು ನಾನು ಕಾಡಿಸಿದ್ದೆ.

"ನನಗ ಕೇಳಸದಿದ್ರ ಏನಾತು? ಗಾಳಿ ನಮ್ಮ ಮನಿ ಕಡೆ ಬೀಸಿದ್ರ ನೀಲಂಗ ಕೇಳಸತೈತಿ" ಎಂದಿದ್ದ. ನೀಲಂ ಅವನ ಮಗಳು.

ಆಗ ಬಂದವನು ಸಾಗರ. ಜತೆಗೆ ಕ್ಯಾಮೆರಾ ಹಿಡಿದ ನಾಲ್ಕು ಜನ. ಕೆಲಸ ಕಳೆದುಕೊಂಡವನೊಬ್ಬ ಊರೂರು ತಿರುಗಿ ಹೊಸ ಕೆಲಸ ಕಲಿಯುವ ಕಾರ್ಯಕ್ರಮ ಎಂದು ಮ್ಯಾನೇಜರು ಹೇಳಿ, ಅವನನ್ನು ಮೂರು ದಿನ ನಮ್ಮ ಕೈಗೆ ಕೊಟ್ಟರು. ಗಡ್ಡ, ದಪ್ಪ ಕನ್ನಡಕ, ಹರಕು ಬೂಟು. ದಿಮ್ಮಿಗೆ ಕೈ ಹಚ್ಚಿದ ಮೊದಲ ತಾಸಿನಲ್ಲೇ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಇಂಥ ಮೆತ್ತನೆ ಕೈಯವನು ಎಲ್ಲಿ ಕೆಲಸ ಮಾಡಿದ್ದಾನು ಎಂದು ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ. ಪಾಪ ಅನಿಸಿತು. ಎದುರಿಗೆ ಕ್ಯಾಮೆರಾ ಇತ್ತಲ್ಲ, ಸ್ವಲ್ಪ ಉಬ್ಬಿಯೂ ಇದ್ದೆ. "ಟಿವಿಯವರ ಮುಂದ ನಾಲಿಗಿ ಹಿಡದ ಮಾತಾಡ್ರಿ" ಎಂದು ನನ್ನ ಹೆಂಡತಿ ನೂರಜಹಾನ ಮನೆಯಲ್ಲಿ ಹೇಳಿಯೇ ಕಳಿಸಿದ್ದಳು.

ಹೊಸಬ ಬಂದರೆ ನಮ್ಮಲ್ಲಿ ಅವನ ಡಬ್ಬಿ ಬಿಚ್ಚಲು ಬಿಡುವುದಿಲ್ಲ. ನಮ್ಮ ಡಬ್ಬಿಯ ಮುಚ್ಚಳದಲ್ಲಿ ಊಟ ಹಾಕಿಕೊಡುತ್ತೇವೆ. ಹಾಗೆ ಉಂಡವನು ನಮ್ಮವನು, ಅವನ ಹತ್ತಿರ ಏನನ್ನೂ ಬಚ್ಚಿಡುವುದಿಲ್ಲ. ಸಾಗರ ನನ್ನ ಮುಚ್ಚಳದಲ್ಲಿ ಎರಡು ದಿನ ಉಂಡ. ಎರಡನೆಯ ದಿನ ಸೋಮಣ್ಣ ಡಬ್ಬಿ ತೊಳೆಯಲು ನಲ್ಲಿಗೆ ಹೋದಾಗ ಸಾಗರ ತನ್ನ ಮನೆಯ ಮಾತು ತೆಗೆದ.

"ನಮ್ಮ ಅಪ್ಪಾಗ ಕಿವಿ ಹೋಗ್ಯಾವ್ರಿ ಕಾಕಾ. ದಿನಾ ಕಿಡಕ್ಯಾಗ ಕುಂಡ್ರತಾರ. ಮಾತಾಡಸಿದ್ರ ಸುಮ್ನ ನಗತಾರ."

ನನಗೆ ಎಲ್ಲಿಂದ ಅಷ್ಟು ಹುರುಪು ಬಂತೋ. "ಅಂವನ್ನ ಯಾಕ ಕುಂಡ್ರಸೀರಿ? ಕಿವಿ ಹೋದ್ರ ಮನಷ್ಯಾ ಹೋದಂಗಲ್ಲ. ನಮ್ಮ ಸೋಮಣ್ಣನ್ನ ನೋಡು" ಎಂದೆ. ಅಂಗೈಯದೂ ಹೇಳಿದೆ, ಹೆಗಲದೂ ಹೇಳಿದೆ. ಸಾಗರನ ಹೆಗಲ ಮೇಲೆಯೇ ಒಂದು ಸಲ, ಎರಡು ಸಲ ಬಡಿದು ತೋರಿಸಿದೆ. ಕ್ಯಾಮೆರಾದವನು ಇನ್ನಷ್ಟು ಹತ್ತಿರ ಬಂದ. ಸಾಗರನ ಕಣ್ಣಲ್ಲಿ ನೀರು ಬಂದದ್ದು ನನಗೆ ನೆನಪಿದೆ, ಅದು ಸುಳ್ಳು ನೀರಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಮಕ್ಕಳಿಗೆ ನಾನೇ ಎಷ್ಟು ಸಲ ಹೇಳಿದ್ದೆನೋ.

ತಿಂಗಳ ಮೇಲೆ ಒಂದು ಶನಿವಾರ ನಮ್ಮಿಬ್ಬರನ್ನೂ ಕಾರಿನಲ್ಲಿ ಹುಬ್ಬಳ್ಳಿಗೆ ಕರೆಸಿದರು. ದೊಡ್ಡ ಹೋಟೆಲ್ಲಿನ ಸಭಾಗೃಹ, ಕಣ್ಣು ಕುಕ್ಕುವ ದೀಪ, ಎದುರಿಗೆ ಜನ. ಸೋಮಣ್ಣ ದೀಪಾವಳಿಗೆ ಹೊಲಿಸಿದ ಬಿಳಿ ಅಂಗಿ ಹಾಕಿದ್ದ. ವೇದಿಕೆಗೆ ಸೂಟು ಹಾಕಿದ ಯುವಕನೊಬ್ಬ ಬಂದ. ಗಡ್ಡ ಇಲ್ಲ, ಕನ್ನಡಕ ಇಲ್ಲ. ನಗುವಿನ ಮೇಲೆ ಗುರುತು ಹಿಡಿದೆ. ಸಾಗರ ಅನ್ನುವವನು ಇರಲೇ ಇಲ್ಲ, ಇವರು ನಮ್ಮ ಕಾರ್ಖಾನೆಯ ಸಣ್ಣ ಮಾಲಕರು. ಕೆಲಸಗಾರರ ನಡುವೆ ವೇಷ ಹಾಕಿ ದುಡಿದು ಅವರ ಕಷ್ಟ ತಿಳಿಯುವುದೇ ಆ ಕಾರ್ಯಕ್ರಮವಂತೆ. ಜನ ಚಪ್ಪಾಳೆ ಹೊಡೆದರು. ನನ್ನ ಡಬ್ಬಿಯ ಮುಚ್ಚಳದಲ್ಲಿ ಉಂಡವರು ಇವರು ಎಂದು ನನಗೆ ಹೆಮ್ಮೆಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಮೊದಲು ನನಗೆ ಶಾಲು ಹೊದಿಸಿ ಸೂಪರ್ವೈಜರ್ ಮಾಡಿದ್ದೇವೆ ಅಂದರು. ಆಮೇಲೆ ಸೋಮಣ್ಣನ ಕಡೆ ತಿರುಗಿದರು.

"ನನ್ನ ತಂದೆಯವರಿಗೂ ಕಿವಿ ಕೇಳಿಸುವುದಿಲ್ಲ. ಆ ಗಾಡಿಗಳ ನಡುವೆ ಸೋಮಾ ಕಾಕಾ ಅವರನ್ನು ನೋಡಿ ನನಗೆ ಮೂರು ದಿನ ನಿದ್ದೆ ಬರಲಿಲ್ಲ. ಇನ್ನು ಒಂದು ದಿನವೂ ಅವರು ಅಲ್ಲಿ ನಿಲ್ಲಬಾರದು. ಇವತ್ತಿನಿಂದಲೇ ಅವರಿಗೆ ವಿಶ್ರಾಂತಿ. ಸಂಬಳ ಮನೆಗೇ ಬರುತ್ತದೆ. ದಿಮ್ಮಿ ನೋಡಲು ಯಂತ್ರ ತರಿಸುತ್ತೇವೆ."

ಮೈಕು ಅವರ ಬಾಯಿಗೆ ಅಡ್ಡ ಇತ್ತು. ಸೋಮಣ್ಣನಿಗೆ ತುಟಿ ಕಾಣಲಿಲ್ಲ. ಅವನಿಗೆ ಒಂದಕ್ಷರವೂ ತಿಳಿದಿಲ್ಲ ಎಂದು ನನಗೆ ಗೊತ್ತಾಯಿತು. ಮುಖದ ಮೇಲಿನ ನಗೆ ಹಾಗೇ ಇಟ್ಟುಕೊಂಡು ಅವನು ನಿಧಾನಕ್ಕೆ ನನ್ನ ಕಡೆಗೆ ವಾಲಿದ. ಆರು ವರ್ಷ ಮಾಡಿದ ಹಾಗೆ ಹೆಗಲು ಕೊಟ್ಟು ನಿಂತ.

ಎರಡು ಸಲ ಬಡಿಯಬೇಕಿತ್ತು. ಬಡಿದರೆ ಅವನು ನಗೆ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ, ನಾನು ಎಲ್ಲರೆದುರು ಹೇಳಬೇಕಾಗುತ್ತಿತ್ತು, ಇದೆಲ್ಲ ಯಾರ ಬಾಯಿಂದ ಹೊರಬಿತ್ತು ಅನ್ನುವುದೂ ಬರುತ್ತಿತ್ತು. ಹೆಗಲ ಮೇಲೆ ಶಾಲು ಇತ್ತು. ಮುಂದೆ ದೀಪ ಇತ್ತು. ನಾನು ಹೇಡಿಯಾದೆ. ಒಂದು ಸಲ ಬಡಿದೆ.

ಸೋಮಣ್ಣ ಚಪ್ಪಾಳೆ ತಟ್ಟತೊಡಗಿದ. ಜನ ಎದ್ದು ನಿಂತರು. ಟಿವಿಯಲ್ಲಿ ಅದನ್ನು ಹಾಡು ಸೇರಿಸಿ ನಿಧಾನವಾಗಿ ತೋರಿಸುತ್ತಾರೆ.

ಬರುವಾಗ ಹಳಿಯಾಳದಲ್ಲಿ ಚಹಾಕ್ಕೆ ನಿಲ್ಲಿಸಿದರು. "ಮಾಲಕ ನನ್ನ ಬಗ್ಗೆ ಏನಂದಾ?" ಎಂದು ಅವನು ಕೇಳಿದ. "ಭಾಳ ಹೊಗಳಿದ್ರು" ಎಂದೆ. ಸಂತೋಷದಿಂದ ಬಸಿಯಲ್ಲಿ ಚಹಾ ಸುರುವಿಕೊಂಡು ಕುಡಿದ. ನಾಳೆ ರವಿವಾರ, ಮನೆಗೆ ಹೋಗಿ ಹೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ರವಿವಾರ ಸಂಜೆ ಗಾಡಿ ಹೊರಗೆ ತೆಗೆದೆ, ಮತ್ತೆ ಒಳಗೆ ಇಟ್ಟೆ.

ಸೋಮವಾರ ಬೆಳಿಗ್ಗೆ ಸೂಪರ್ವೈಜರನ ಹೊಸ ನೀಲಿ ಅಂಗಿ ಹಾಕಿಕೊಂಡು ನಾನು ಗೇಟಿನ ಒಳಗೆ ನಿಂತಿದ್ದೆ. ಎಂಟಕ್ಕೆ ಹತ್ತು ನಿಮಿಷ ಇರುವಾಗ ಸೋಮಣ್ಣ ಡಬ್ಬಿ ಹಿಡಿದು ಬಂದ. ಗೇಟು ಕಾಯುವ ಅಡಿವೆಯ್ಯ ಪಟ್ಟಿ ನೋಡಿ ಕೈ ಅಡ್ಡ ಹಾಕಿದ.

"ಸೋಮಣ್ಣ, ನಿನ್ನ ಹೆಸರ ತಗದಾರೋ. ನಿನಗ ರಿಟಾಯರ್ ಆತಲ್ಲ."

ಸೋಮಣ್ಣ ಚೇಷ್ಟೆ ಎಂದುಕೊಂಡು ನಕ್ಕ. ಅಡಿವೆಯ್ಯ ಒಳಗಿಂದ ಲಕೋಟೆ ತಂದು ಕೊಟ್ಟ. ಸೋಮಣ್ಣ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಗದ ಬಿಚ್ಚಿದ. ಅವನು ಅಕ್ಷರ ಕೂಡಿಸಿ ಕೂಡಿಸಿ ಓದುವವನು, ಹೊತ್ತು ಹಿಡಿಯಿತು. ಪಾಳಿಯ ಜನ ಅವನ ಎರಡೂ ಬದಿಯಿಂದ ಒಳಗೆ ಹೋಗುತ್ತಿದ್ದರು, ಕೆಲವರು ಅಭಿನಂದನೆ ಹೇಳಿ ಕೈ ಕುಲುಕಿದರು. ಎಂಟರ ಭೋಂಗಾ ಆಯಿತು. ಓದಿ ಮುಗಿಸಿ ತಲೆ ಎತ್ತಿದಾಗ ಅವನು ಕಂಡದ್ದು ನನ್ನನ್ನು. ನನ್ನ ಅಂಗಿ ನೋಡಿದ, ಮುಖ ನೋಡಿದ, ಕಾಗದ ಮಡಿಸಿ ಕಿಸೆಯಲ್ಲಿಟ್ಟುಕೊಂಡು ಬಂದ ದಾರಿಯಲ್ಲೇ ಹೋದ. ನಾನು ಅವನ ಹಿಂದೆ ಓಡಲಿಲ್ಲ. ಕೆಲಸಕ್ಕೆ ಹೊತ್ತಾಗಿತ್ತು.

ಆಮೇಲೆ ಮಾಡಿದ್ದೆಲ್ಲ ಊರು ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮ್ಯಾನೇಜರನ್ನು ಕಾಡಿ ಕಾಡಿ, ಸೋಮಣ್ಣ ಒಂದು ದಿನ ಬಂದು ಭೋಂಗಾ ಎಳೆಯಲು ಒಪ್ಪಿಗೆ ತಂದೆ. ಸಣ್ಣ ಮಾಲಕರೂ ಸಂತೋಷದಿಂದ ಒಪ್ಪಿದರಂತೆ. ಕಾರ್ಯಕ್ರಮ ಟಿವಿಯಲ್ಲಿ ಬಂದ ಮರುವಾರ ಬುಧವಾರ ರಜೆ ಹಾಕಿದೆ. ಇಳಿಹೊತ್ತಿಗೆ ಕುಳಗಿ ರಸ್ತೆಗೆ ಹೋದೆ. ಸೋಮಣ್ಣ ಅಂಗಳದಲ್ಲಿ ಬುಟ್ಟಿಯ ಅಂಚು ಕಟ್ಟುತ್ತಿದ್ದ. ಎದುರಿಗೆ ಕೂತು, ತುಟಿ ಕಾಣುವ ಹಾಗೆ ಎಲ್ಲ ಹೇಳಿದೆ. ಸಾಗರನ ಹತ್ತಿರ ಬಾಯಿ ಬಿಟ್ಟವನು ನಾನೇ ಎಂದೂ ಹೇಳಿದೆ.

"ಅದು ಗೊತ್ತೈತಿ. ಟಿವ್ಯಾಗ ನೀಲಂ ತೋರಿಸಿದ್ಲು" ಎಂದ. "ನೀ ನನ್ನ ಹೊಗಳಾಕ ಹೋಗಿ ಹೇಳೀದಿ. ಅದಕ್ಕ ನನಗ ಸಿಟ್ಟಿಲ್ಲ."

"ಹಂಗಾರ ಶನಿವಾರ ಬಾ ಅಣ್ಣಾ. ಎಲ್ಲಾರೂ ಕೂಡಿ ನಿನ್ನ ಮನೀತನಕ ನಡೆಸಿಕೊಂಡ ಬರ್ತೇವಿ."

ಅವನು ಬುಟ್ಟಿ ಕೆಳಗಿಟ್ಟ. "ಸ್ಟೇಜಿನ ಮ್ಯಾಲ ನಾ ಹೆಗಲ ಕೊಟ್ಟೆ. ಎಷ್ಟ ಸಲ ಬಡದಿ?"

ಅವನು ನನ್ನ ತುಟಿ ನೋಡುತ್ತಿದ್ದ. "ಒಂದ ಸಲ" ಎಂದೆ.

"ಎರಡ ಸಲ ಬಡದಿದ್ರ ಬದಿಗೆ ಸರೀತಿದ್ನೆಲ್ಲೋ ತಾಜು. ಆರ ವರ್ಷ ನೀ ಬಡದಾಗೆಲ್ಲಾ ಯಾಕ ಅಂತ ಕೇಳದ ಸರದೇನಿ. ಅವತ್ತೂ ಸರೀತಿದ್ದೆ. ನನ್ನ ನೌಕರಿ ಹೋದದ್ದಕ್ಕ ನಾ ಚಪ್ಪಾಳಿ ಹೊಡ್ಯೂದಾದ್ರೂ ತಪ್ಪತಿತ್ತು."

ನೀಲಂ ಚಹಾ ತಂದು ಇಟ್ಟಳು. "ಕಾಕಾ, ಆರತೈತಿ, ಕುಡೀರಿ" ಎಂದಳು. ಸೋಮಣ್ಣ ಬುಟ್ಟಿಯನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡು ನನಗೆ ಬೆನ್ನು ಮಾಡಿ ಕೂತ. ತುಟಿ ನೋಡುವುದು ಅವನಿಗೆ ಬೇಡವಾಗಿತ್ತು.

ಗಾಳಿ ಕಾರ್ಖಾನೆಯ ಕಡೆಯಿಂದ ಬೀಸುತ್ತಿತ್ತು. ಐದರ ಭೋಂಗಾ ಕೇಳಿಸಿತು, ಒಂದೇ ಸಲ. ಅವನಿಗೆ ತಿಳಿಸಬೇಕೆಂದು ಎಂದಿನಂತೆ ನನ್ನ ಕೈ ಅವನ ಹೆಗಲ ಕಡೆ ಹೋಯಿತು. ಮುಟ್ಟಲು ಧೈರ್ಯ ಬರಲಿಲ್ಲ, ಚಹಾ ಕುಡಿದು ಎದ್ದು ಬಂದೆ.