ಏನೂ ಕಷ್ಟ ಇಲ್ಲ

ನೊಣ ಹಸಿರು ಗೆರೆಯ ಮೇಲೇ ನಡೆಯುತ್ತಿದೆ, ಗೋಡೆಯ ಪರದೆಯ ಎಡದಿಂದ ಬಲಕ್ಕೆ, ಗೆರೆ ಏರಿದಲ್ಲಿ ತಾನೂ ಏರಿ, ತುದಿಯಲ್ಲಿ ನಿಂತು ಮುಂಗಾಲು ಉಜ್ಜಿಕೊಳ್ಳುತ್ತಿದೆ — ಏನು ರುಚಿ ಕಂಡಿತೋ ಅದಕ್ಕೆ ಅಲ್ಲಿ, ಬರೀ ಬೆಳಕು — ಆ ಗೆರೆ ನನ್ನದು, ಈ ಸಂಶೋಧನಾ ವಿಭಾಗಕ್ಕೆ ನಾನು ಮುಖ್ಯಸ್ಥೆಯಾಗಿ ಬಂದ ಮೇಲೆ ಏರಿದ್ದು, ಕೆಳಗೆ ದಪ್ಪ ಅಕ್ಷರದಲ್ಲಿ ಬದಲಾವಣೆಯ ಬಗ್ಗೆ ಸಿಬ್ಬಂದಿಯ ತೃಪ್ತಿ ಎಂದಿದೆ, ಪಕ್ಕದಲ್ಲಿ ಸಾಲಾಗಿ ಬೇರೆ ಬೇರೆ ದೇಶಗಳ ಮುಖಗಳು, ಒಬ್ಬರ ಕಿಟಕಿಯಲ್ಲಿ ಈಗಷ್ಟೇ ಬೆಳಗು, ಇನ್ನೊಬ್ಬರದು ಆಗಲೇ ಕಪ್ಪು, ನೊಣ ಗೆರೆ ಬಿಟ್ಟು ನಿರ್ದೇಶಕಿಯ ಕೆನ್ನೆಗೆ ಹಾರಿತು, ನಮ್ಮೆಲ್ಲರ ಮೇಲಿನವರು, ಬಿಳಿಗೂದಲು, ಕನ್ನಡಕ ಸದಾ ಹಣೆಯ ಮೇಲೆ, ಕೆನ್ನೆಯಲ್ಲಿ ನೊಣ ಹೊತ್ತುಕೊಂಡೇ ಹೇಳುತ್ತಿದ್ದಾರೆ, ತುಂಬಾ ಚೆನ್ನಾಗಿದೆ, ಇಷ್ಟು ಬೇಗ ಜನ ಒಪ್ಕೋತಾರೆ ಅಂತ ನಾನು ಅಂದ್ಕೊಂಡಿರಲಿಲ್ಲ, ಎಲ್ಲಾ ದೇಶದಲ್ಲೂ ಹೀಗೆ ಗ್ರಾಹಕರ ಮನೆಗೇ ಹೋಗಿ ನೋಡೋದನ್ನ ಶುರು ಮಾಡಿಬಿಡೋಣ್ವಾ, ಹೇಳಿ — ಹೇಳಬೇಕು, ಹೂಂ ಎಂದರೆ ಸಾಕು, ಅನ್ನದಿದ್ದರೆ ಆ ಮೂಲೆಯ ಮುಖ ಕಾದು ಕೂತಿದೆ, ಒಪ್ಪವಾಗಿ ಕತ್ತರಿಸಿದ ಗಡ್ಡದವನು, ಗ್ರಾಹಕರ ಬದಲು ಯಂತ್ರವೇ ಉತ್ತರ ಹೇಳುವ ಯೋಜನೆ ಅವನದು, ಯಾರ ಮನೆಗೂ ಹೋಗಬೇಕಾಗಿಲ್ಲ, ಯಾರ ಮುಂದೂ ಕೂರಬೇಕಾಗಿಲ್ಲ, ನಾನು ತಡವರಿಸಿದರೆ ಸರದಿ ಅವನದೇ.

ಆದರೂ ನಾಲಿಗೆ ಏಳುತ್ತಿಲ್ಲ, ನಿನ್ನೆ ನಾನು ನೋಡಲು ಹೋದ ಮನೆಯ ಅಜ್ಜಿ ಅಡ್ಡ ಕೂತಿದ್ದಾಳೆ, ಸಿಂಕಿನ ಮುಂದಿನ ಆ ಅಜ್ಜಿ, ಬೆರಳ ಗೆಣ್ಣುಗಳು ಒಂದೊಂದೂ ಊದಿದ ಗೋಲಿಯ ಹಾಗೆ — ನಾವು ಮಾರುವುದು ಪಾತ್ರೆ ತೊಳೆಯುವ ದ್ರವ, ನೆಲ ಒರೆಸುವ ದ್ರವ, ಶಾಂಪೂ, ಇಷ್ಟು ವರ್ಷ ನಮ್ಮ ವಿಭಾಗ ಜನಕ್ಕೆ ಪ್ರಶ್ನೆ ಕಳಿಸುತ್ತಿತ್ತು, ಜನ ಉತ್ತರ ಕಳಿಸುತ್ತಿದ್ದರು, ನಾವು ಶೇಕಡಾ ತೆಗೆದು ಮೇಲಕ್ಕೆ ಕಳಿಸುತ್ತಿದ್ದೆವು, ಎಲ್ಲರೂ ಸುಖವಾಗಿದ್ದೆವು, ನಾನು ಬಂದವಳೇ ಕೇಳಿದ್ದು ಸಾಕು, ನೋಡಿ ಅಂದೆ, ಪ್ರತಿಯೊಬ್ಬರೂ ಒಂದೊಂದು ಮನೆಗೆ ಹೋಗಿ ಬಾಯಿ ಮುಚ್ಚಿಕೊಂಡು ಕೂತು ನೋಡಿ ಬನ್ನಿ — ನನ್ನ ತಂಗಿ ನಗುತ್ತಾಳೆ, ಅಕ್ಕಾ ನೀನು ಚಿಕ್ಕಂದಿನಿಂದ್ಲೂ ಕಂಡೋರ ಮನೆ ಕಿಟಕಿ ಇಣುಕೋಳೇ, ಈಗ ಅದಕ್ಕೆ ಸಂಬಳ ಕೊಡ್ತಾರೆ ಅಷ್ಟೆ — ನಿಜ, ಇಣುಕುವ ಚಾಳಿ, ಅದರೊಳಗೆ ಏನಿದೆ ಅನ್ನುವ ತುರಿಕೆ, ನಿನ್ನೆ ನನ್ನ ನಿಯಮವನ್ನು ನಾನೇ ಮುರಿದು ಬಾಯಿ ಬಿಟ್ಟೆ, ಅಜ್ಜಿ, ಈ ಬಾಟಲಿ ಮುಚ್ಚಳ ತೆಗೆಯೋಕೆ ಕಷ್ಟ ಆಗುತ್ತಾ, ಏನೂ ಕಷ್ಟ ಇಲ್ಲಮ್ಮ, ಸಲೀಸಾಗಿ ಬರುತ್ತೆ ಅಂದಳು, ಅಂದವಳು ಹೊಸ ಬಾಟಲಿ ಎತ್ತಿಕೊಂಡು ಅಡುಗೆಮನೆ ಬಾಗಿಲ ಸಂದಿಗೆ ಮುಚ್ಚಳ ಸಿಕ್ಕಿಸಿ, ಸೊಂಟದಿಂದ ಬಾಗಿಲನ್ನು ಒತ್ತಿ, ಎರಡೂ ಅಂಗೈಯಲ್ಲಿ ಬಾಟಲಿ ಹಿಡಿದು ತಿರುಗಿಸಿದಳು, ಟಕ್ — ಇದೇನಜ್ಜಿ ಇದು, ಕಷ್ಟ ಇಲ್ಲ ಅಂದ್ರಲ್ಲ ಎಂದೆ, ಹೀಗೆ ತೆಗೆದ್ರೆ ಕಷ್ಟ ಇಲ್ಲ ಅಂತಾನೇ ಅಂದಿದ್ದು, ಒಳಗಿನಿಂದ ಸೊಸೆ ಓಡಿ ಬಂದಳು, ಅತ್ತೆ, ನನ್ನ ಒಂದು ಮಾತು ಕರೀಬಾರದಾ, ಅಜ್ಜಿ ಅವಳ ಮುಖ ನೋಡದೆ ನನಗೆ ಹೇಳಿದಳು, ಇವಳು ಒಳ್ಳೆಯವಳೇ, ಆದ್ರೆ ಮುಚ್ಚಳಾನೂ ಇವಳ ಕೈಗೇ ಕೊಟ್ಟುಬಿಟ್ರೆ ಈ ಮನೇಲಿ ನನಗೆ ಉಳಿಯೋದೇನು — ಬಾಗಿಲ ಚೌಕಟ್ಟಿನ ಬಣ್ಣ ಅಲ್ಲಲ್ಲಿ ಎದ್ದು ಬಂದಿತ್ತು, ಎಷ್ಟು ಬಾಟಲಿ ತೆರೆದಿದ್ದಾಳೋ, ಪ್ರತಿ ಸಲವೂ ನಮ್ಮ ಪ್ರಶ್ನೆಗೆ ಅವಳ ಉತ್ತರ ಅದೇ ಇದ್ದಿರಬೇಕು, ಸಲೀಸು, ತೃಪ್ತಿ.

ತೃಪ್ತಿ — ಗೋಡೆಯ ಮೇಲೂ ಅದೇ ಮಾತು, ಹಸಿರಾಗಿ, ಮತ್ತೆ ಈ ಗೆರೆ ಎಲ್ಲಿಂದ ಬಂತು, ನನ್ನ ಜನರಿಗೆ ನಾನು ಪ್ರಶ್ನೆ ಕಳಿಸಿದ್ದರಿಂದ, ಪ್ರಶ್ನೆ ಕೇಳಬೇಡಿ ಎಂದು ಹೇಳಿದವಳು ಅವರಿಗೆ ಪ್ರಶ್ನೆ ಕಳಿಸಿ ಬಂದ ಉತ್ತರವನ್ನು ಗೋಡೆಗೆ ಹಾಕಿಕೊಂಡು ಕೂತಿದ್ದೇನೆ, ನಗು ಬರುತ್ತದೆ, ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಮಜ್ಜಿಗೆಯಲ್ಲಿ ಬಿದ್ದ ಹಾಗೆ, ಯಾರು ಯಾರು ಯಾವ ಬಾಗಿಲಿಗೆ ಏನನ್ನು ಸಿಕ್ಕಿಸಿ ಸೊಂಟದಿಂದ ಒತ್ತುತ್ತಿದ್ದಾರೋ — ನಿರ್ದೇಶಕಿ ಮತ್ತೆ ಕೇಳುತ್ತಿದ್ದಾರೆ, ನನ್ನ ಧ್ವನಿ ಬರ್ತಿದೆಯಾ, ಬರುತ್ತಿದೆ, ನನ್ನದೇ ಬರುತ್ತಿಲ್ಲ, ಯಾಕೆಂದರೆ ಕಣ್ಣು ಗಾಜಿನ ಗೋಡೆಯಾಚೆ ಹೋಗಿದೆ, ಮೊಗಸಾಲೆಯ ಆ ಬದಿ ಶೇಕಡಾ ಮೇಷ್ಟ್ರು, ಹಾಗೆಂದೇ ಎಲ್ಲರೂ ಕರೆಯುವ ನಮ್ಮ ಹಿರಿಯ ಲೆಕ್ಕಿಗರು, ಖಾಲಿ ಕೋಣೆಯೊಂದರ ಮುಂದೆ ನಿಂತಿದ್ದಾರೆ, ಒಳಗೆ ದೀಪವಿಲ್ಲ, ಯಾರೂ ಇಲ್ಲ, ಮುಷ್ಟಿ ಎತ್ತಿದರು, ಬಾಗಿಲು ತಟ್ಟುತ್ತಾರೆ, ಇಲ್ಲ, ತಟ್ಟಲಿಲ್ಲ, ಮುಷ್ಟಿ ಬಾಗಿಲಿಗೆ ತಾಗುವ ಮೊದಲೇ ನಿಂತಿತು, ಇಳಿಯಿತು, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು, ತುಟಿ ಅಲ್ಲಾಡುತ್ತಿದೆ, ಮತ್ತೆ ಮುಷ್ಟಿ — ಯಾರಿಲ್ಲದ ಕೋಣೆಯ ಬಾಗಿಲನ್ನು ಯಾರಾದರೂ ಯಾಕೆ ತಟ್ಟುತ್ತಾರೆ, ಏನು ಹೇಳಿಕೊಳ್ಳುತ್ತಿರಬಹುದು, ಇವತ್ತು ಮಧ್ಯಾಹ್ನ ಅವರ ಮೊದಲ ಮನೆ, ಅದೂ ಒಬ್ಬರೇ, ನಾನೇ ಹಾಕಿದ ಸರದಿ, ಓಹೋ, ಅದಕ್ಕಾ — ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಪಕ್ಕದ ಕುರ್ಚಿ ನನ್ನದು, ಬಾರಮ್ಮಾ, ಸಂಖ್ಯೆಗೆ ಹೆದರಬೇಡ, ಅದು ಕಚ್ಚಲ್ಲ ಅನ್ನುತ್ತಿದ್ದರು, ಆಮೇಲೆ ನಾನು ಅವರ ಮೇಲಿನವಳಾಗಿ ತಿರುಗಿ ಬಂದೆ, ಅಮ್ಮ ಹೋಗಿ ಮೇಡಂ ಆಯಿತು, ಬದಲಾವಣೆ ಸಾರಿದ ದಿನ ಎಲ್ಲರೂ ಮುಖ ಮುಖ ನೋಡಿಕೊಳ್ಳುವಾಗ ಮೊದಲು ಎದ್ದು ನಿಂತವರು ಅವರೇ, ನನಗೇನೂ ಕಷ್ಟ ಇಲ್ಲ ಮೇಡಂ, ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ, ಆಗ ಅವರ ಕೈ ಎಲ್ಲಿತ್ತು, ನೋಡಿದೆನೇ ನಾನು, ನೋಡಲಿಲ್ಲ — ಬೇಡ, ಯಾರೋ ಹೇಳಿದರು, ನಾನೇ, ಈಗಲೇ ಬೇಡ, ಈ ಗೆರೆ ನಂಬಬೇಡಿ, ನಿರ್ದೇಶಕಿಯ ಹುಬ್ಬು ಏರಿತು, ಗೆರೆ ನಿಮ್ಮದೇ ಅಲ್ವಾ, ನನ್ನದೇ ಎಂದೆ, ನಾನು ಕೇಳಿ ಬರೆದದ್ದು, ನೋಡಿ ಬರೆದದ್ದಲ್ಲ, ನನ್ನ ಜನ ಹೇಗೆ ನಿಭಾಯಿಸ್ತಿದಾರೆ ಅಂತ ನನಗಿನ್ನೂ ಗೊತ್ತಿಲ್ಲ, ಗಡ್ಡದವನು ಕೆಮ್ಮಿದ, ಹಾಗಾದ್ರೆ ನಮ್ಮ ಯೋಜನೆ ಒಂದ್ಸಲ ತೋರಿಸ್ಲಾ, ನಿರ್ದೇಶಕಿ ಹಣೆಯ ಕನ್ನಡಕವನ್ನು ಮೊದಲ ಸಲ ಮೂಗಿಗೆ ಇಳಿಸಿ ನನ್ನನ್ನು ನೋಡಿದರು, ತೋರಿಸಿ ಎಂದರು ಅವನಿಗೆ, ನನಗೆ, ನೀವು ನೋಡ್ಕೊಂಡು ಬನ್ನಿ, ಬಂದು ನನಗೊಬ್ಬಳಿಗೇ ಹೇಳಿ — ಸೋತೆನೋ ಗೆದ್ದೆನೋ, ಕಾಲು ಆಗಲೇ ಎದ್ದಿದೆ.

ಮೇಷ್ಟ್ರೇ ಎಂದೆ, ಅವರ ಕೈ ಸರ್ರನೆ ಜೇಬಿಗೆ ಹೋಯಿತು, ಏನಿಲ್ಲ ಮೇಡಂ, ಈ ಬಾಗಿಲು ಸರಿಯಾಗಿ ಹಾಕ್ತಾ ಇಲ್ಲ ಅನ್ನಿಸ್ತು, ಅದಕ್ಕೆ ನೋಡ್ತಿದ್ದೆ — ಕಷ್ಟ ಆಗ್ತಿದೆಯಾ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೇ ಬಂದು ಕೂತಿತು, ನುಂಗಿದೆ, ಕೇಳಿದರೆ ಬರುವ ಉತ್ತರ ಗೊತ್ತು, ಸುಮ್ಮನೆ ನಿಂತೆ, ಮೊದಲ ಸಲ ನಾನು ನನ್ನ ನಿಯಮವನ್ನು ಪಾಲಿಸುತ್ತಿದ್ದೆ, ಎಷ್ಟು ಕಷ್ಟ ಅದು, ಸುಮ್ಮನಿರುವುದು, ಮೇಷ್ಟ್ರು ಬಾಗಿಲು ನೋಡಿದರು, ನನ್ನ ನೋಡಿದರು, ತಟ್ಟೋದೇನೋ ತಟ್ಟಬಹುದಮ್ಮಾ ಎಂದರು, ಅಮ್ಮಾ ಎಂದರು, ತೆಗೆದ ಮೇಲೆ ಅಲ್ಲಿ ಒಬ್ಬರು ನಿಂತಿರ್ತಾರಲ್ಲ, ಅದೇ, ನೂರಾರು ಜನ ಅಂದ್ರೆ ನಾನು ಸಂಭಾಳಿಸ್ತೀನಿ, ಒಬ್ಬರು ಅಂದ್ರೆ — ಮುಗಿಸಲಿಲ್ಲ, ನಾನೂ ಮುಗಿಸಿ ಕೊಡಲಿಲ್ಲ, ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ, ಚೆನ್ನಾಗಿಯೇ ಹಾಕುತ್ತದೆ, ಮೇಡಂ, ಏನ್ ಮಾಡ್ತಿದೀರಿ ಎಂದರು ಆಚೆಯಿಂದ, ಇದು ನನ್ನ ಮನೆ, ಮೇಷ್ಟ್ರೇ, ನೀವು ಯಾರೋ ನನಗೆ ಗೊತ್ತಿಲ್ಲ ಎಂದೆ, ನಗಲಿಲ್ಲ ಅವರು, ನಾನೂ ನಗಲಿಲ್ಲ — ಕತ್ತಲೆ, ಹೊಸ ಕಾರ್ಪೆಟ್ಟಿನ ವಾಸನೆ, ಮನೆಯಲ್ಲಿದ್ದರೆ ಈಗ ಏನು ಮಾಡುತ್ತಿದ್ದೆ, ಒಲೆ ಆರಿಸುತ್ತಿದ್ದೆನೇ, ಕೈ ಒರೆಸಿಕೊಳ್ಳುತ್ತಿದ್ದೆನೇ, ಬಾಗಿಲು ತೆರೆಯುವವಳಿಗೂ ಅಷ್ಟೇ ಅಳುಕು ಇರುತ್ತದೆ ಎಂದು ನಾವು ಯಾರೂ ಯಾವತ್ತೂ ಲೆಕ್ಕ ಹಾಕಿಲ್ಲ, ಯಾರು ಬಂದರೋ, ಏನು ಕೇಳುತ್ತಾರೋ, ಕೈ ತಾನಾಗಿ ಕೂದಲು ಸರಿಮಾಡಿಕೊಳ್ಳುತ್ತಿದೆ, ಇದೇನು, ನನಗೂ — ಬಾಗಿಲ ನಡುವಿನ ಮಸುಕು ಗಾಜಿನ ಪಟ್ಟಿಯಲ್ಲಿ ನೆರಳು ಕದಲಿತು, ಎತ್ತಿದ ಮುಷ್ಟಿ, ಗೆಣ್ಣುಗಳೂ ಕಾಣುತ್ತಿವೆ, ಇಳಿಯಲಿಲ್ಲ ಈ ಸಲ, ತಟ್ಟಲೂ ಇಲ್ಲ, ಬನ್ನಿ ಎನ್ನಬೇಕೆಂದು ಬಾಯಿಗೆ ಬಂತು, ಅನ್ನಕೂಡದು, ಮುಷ್ಟಿ ಅಲ್ಲೇ ಇದೆ, ಗಾಜಿಗೆ ಇನ್ನೂ ಹತ್ತಿರ, ನಾನು ನೋಡುತ್ತಿದ್ದೇನೆ, ಮುಷ್ಟಿ —