ಹತ್ತು ನಿಮಿಷಕ್ಕೊಂದು ಚುಕ್ಕಿ

ಗಾಜಿನ ಕೆಳಗೆ ಸಾಲಾಗಿ ಮಣಿಕಟ್ಟುಗಳು, ಬಿಳಿ ಪ್ಲಾಸ್ಟಿಕ್ಕಿನವು, ಒಂದೊಂದಕ್ಕೂ ಒಂದೊಂದು ವಾಚು, ಅಂಗೈ ಮಾತ್ರ ಯಾವುದಕ್ಕೂ ಇಲ್ಲ, ಅಲ್ಲಿಗೇ ಕತ್ತರಿಸಿ ನಿಲ್ಲಿಸಿದ್ದಾರೆ, ಯಾರಿಗೆ ಹೊಳೆಯಿತೋ ಇಂಥ ಬುದ್ಧಿ — ಸರ್, ಇದು ನೋಡಿ, ಈಗಷ್ಟೇ ಬಂದಿರೋದು, ಅಂಗಡಿಯ ಹುಡುಗಿ ಗಾಜಿನ ಮೇಲೆ ಉಗುರಿನಿಂದ ಟಕಟಕ ಎನ್ನಿಸುತ್ತಾಳೆ, ಉಗುರಿನ ನೀಲಿ ಬಣ್ಣ ಅರ್ಧ ಉದುರಿದೆ, ಹೆಬ್ಬೆರಳಿನದು ಪೂರ್ತಿ ಹೋಗಿದೆ, ನನ್ನ ಮಗಳ ವಯಸ್ಸೇ ಇರಬೇಕು, ಮಗಳೇ ಕಳಿಸಿದ್ದು ನನ್ನನ್ನು ಇಲ್ಲಿಗೆ, ಅಪ್ಪಾ ನಿನ್ನ ವಾಚು ಮಧ್ಯಾಹ್ನಕ್ಕೇ ಉಸಿರು ಬಿಡುತ್ತೆ, ಹಳೇದು ಕೊಟ್ಟು ಹೊಸದು ತಗೋ, ಆಫರ್ ಭಾನುವಾರಕ್ಕೆ ಮುಗಿಯುತ್ತೆ, ಯೋಚನೆ ಮಾಡ್ತಾ ಕೂತ್ಕೋಬೇಡ. ಯೋಚನೆ ಮಾಡದೆ ಏನು ಮಾಡಲಿ, ಅರ್ಧ ತಿಂಗಳ ಸಂಬಳ ಮಣಿಕಟ್ಟಿಗೆ ಕಟ್ಟಿಕೊಂಡು ಓಡಾಡಬೇಕು ಅಂದರೆ ಯಾರಾದರೂ ಯೋಚಿಸುತ್ತಾರೆ, ಆದರೆ ಹಣದ ಯೋಚನೆಯಲ್ಲ ಇದು, ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಹಳೆಯದನ್ನೂ ಅವಳೇ ಕೊಡಿಸಿದ್ದು, ದಿನವಿಡೀ ಊರವರ ಮಂಡಿ ಸೊಂಟ ತಿರುಗಿಸಿ ಸರಿಮಾಡುವ ಕೆಲಸ ಅವಳದು, ಅಪ್ಪನ ಸೊಂಟ ಬಿಡುತ್ತಾಳೆಯೇ, ಹಗಲೆಲ್ಲ ಆ ಡಬ್ಬೀಲಿ ಕೂತು ಕೂತು ನೀನು ಕುರ್ಚಿ ಆಕಾರಕ್ಕೇ ಬಂದಿದೀಯ, ಎಂದು ನಗುತ್ತಲೇ ಕಟ್ಟಿದ್ದಳು, ಭಾಷೆಯನ್ನು ಕನ್ನಡಕ್ಕೆ ಹಾಕಿಕೊಟ್ಟಿದ್ದಳು, ಗಂಟೆಗೊಮ್ಮೆ, ಐವತ್ತನೆಯ ನಿಮಿಷಕ್ಕೆ ಸರಿಯಾಗಿ, ಅಷ್ಟು ಹೊತ್ತೂ ನಾನು ಕೂತೇ ಇದ್ದರೆ ಅದು ಝುಂ ಎಂದು ಅದುರುತ್ತದೆ, ಒಬ್ಬ ಪುಟ್ಟ ಹಸಿರು ಮನುಷ್ಯ ಮೂಡುತ್ತಾನೆ, ಕೆಳಗೆ ಎರಡು ಮಾತು: ಎದ್ದು ನಿಲ್ಲಿ. ಎಲ್ಲಿ ನಿಲ್ಲಲಿ ಮಾರಾಯ್ತಿ, ಕ್ರೇನಿನ ಕ್ಯಾಬಿನ್ನಿನಲ್ಲಿ ಎದ್ದರೆ ತಲೆ ಚಾವಣಿಗೆ ಬಡಿಯುತ್ತೆ, ಹದಿನೈದು ಮಹಡಿ ಎತ್ತರದಲ್ಲಿ ವ್ಯಾಯಾಮ ಬೇರೆ, ಎಂದಿದ್ದೆ, ಅವಳು ನಕ್ಕಿದ್ದಳು, ನಾನೂ ನಕ್ಕಿದ್ದೆ.

ಸರ್, ಇದರಲ್ಲಿ ಇನ್ನೊಂದಿದೆ, ನೀವು ಅಕಸ್ಮಾತ್ ಬಿದ್ರೆ ಇದಕ್ಕೆ ಗೊತ್ತಾಗುತ್ತೆ, ಮನೆಯವರಿಗೆ ತಾನೇ ಫೋನ್ ಮಾಡುತ್ತೆ — ಬಿದ್ದವನು ನಾನಾದರೆ ಸರಿ, ಬೇರೊಬ್ಬನ ಮೇಲೆ ಏನಾದರೂ ಬಿದ್ದರೆ, ಎಂದು ಕೇಳಬೇಕೆನಿಸುತ್ತದೆ, ಬರೇ ತಲೆಯಾಡಿಸುತ್ತೇನೆ, ಬಾಗಿಲ ಗಾಜಿನಾಚೆ ಬಸ್ಸೊಂದು ನಿಂತು ಹೊರಡುತ್ತದೆ, ಬ್ರೇಕಿನ ಆ ಉದ್ದನೆಯ ಕೀರಲು. ಕೊಕ್ಕರೆಯ ಹೆಂಡತಿಗೂ ಯಾರೋ ಫೋನ್ ಮಾಡಿದ್ದರು, ಯಾವ ವಾಚೂ ಅಲ್ಲ, ಮೇಸ್ತ್ರಿ, ಅವಳು ಆಗ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳಂತೆ, ಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲೆ ಹಾಗೇ ಬಿಟ್ಟು ಓಡಿಬಂದಳಂತೆ. ಕೊಕ್ಕರೆ ಅನ್ನುವ ಹೆಸರು ಇಟ್ಟವನು ನಾನೇ, ಉದ್ದನೆಯ ಸಣಕಲು ಮನುಷ್ಯ, ಕೆಲಸವಿಲ್ಲದಾಗ ಒಂಟಿಕಾಲಿನಲ್ಲಿ ನಿಂತು ಇನ್ನೊಂದನ್ನು ಗೋಡೆಗೆ ಊರುತ್ತಿದ್ದ, ಮೇಲಿನಿಂದ ನೋಡಿದರೆ ಥೇಟ್ ಕೊಕ್ಕರೆ, ಹನ್ನೊಂದು ವರ್ಷ ಅವನು ಕೆಳಗೆ, ನಾನು ಮೇಲೆ, ಅವನು ಸನ್ನೆ ಮಾಡಬೇಕು, ನಾನು ಎತ್ತಬೇಕು, ಇಳಿಸಬೇಕು, ನಿಲ್ಲಿಸಬೇಕು, ವೈರ್‌ಲೆಸ್ ಇದ್ದರೂ ಅವನ ಕೈಯನ್ನೇ ನಂಬುತ್ತಿದ್ದೆ, ಬಲಗೈ ನೆಟ್ಟಗೆ ಮೇಲೆ, ಅಂಗೈ ನನ್ನ ಕಡೆಗೆ, ಅಂದರೆ ನಿಲ್ಲಿಸು. ಕಂಬಿಗೆ ಬಳಿದು ಮಿಕ್ಕಿದ ಕೆಂಪು ಬಣ್ಣದಲ್ಲಿ ಗವಸಿನ ಅಂಗೈಯನ್ನು ಅದ್ದಿಕೊಂಡಿದ್ದ, ಯಾಕೋ ಇದು ಎಂದರೆ, ನಿನ್ನ ಮುದಿ ಕಣ್ಣಿಗೆ ಕಾಣಲಿ ಅಂತ ಕಣಯ್ಯಾ, ನಾಳೆ ನನ್ನ ತಲೆ ಮೇಲೆ ಇಳಿಸಿಬಿಟ್ಟೀಯ — ತಮಾಷೆಗೆ ಅಂದ ಮಾತು, ಇಬ್ಬರೂ ಚಹಾದ ಲೋಟ ಹಿಡಿದು ನಕ್ಕಿದ್ದೆವು, ಅದೇ ಮಾತು ಈಗ ಬೆಳಿಗ್ಗೆ ಹಲ್ಲುಜ್ಜುವಾಗ ಬರುತ್ತದೆ, ಅಂಗಡಿಯಲ್ಲಿ ಚಿಲ್ಲರೆ ಎಣಿಸುವಾಗ ಬರುತ್ತದೆ, ಕೆಂಪು ಅಂಗೈ.

ಎಂಟು ತಿಂಗಳಾಯಿತು. ಒಂಬತ್ತನೇ ಮಹಡಿಗೆ, ಕೊಕ್ಕರೆ ನಿಂತಿದ್ದಲ್ಲಿಗೆ, ಕಬ್ಬಿಣದ ಹಲಗೆಗಳ ಕಟ್ಟು ಇಳಿಸುತ್ತಿದ್ದೆ, ಬೆಳಿಗ್ಗೆಯೇ ಅವನ ವೈರ್‌ಲೆಸ್ಸಿನ ಬ್ಯಾಟರಿ ಮುಗಿದಿತ್ತು, ಕೈಯಲ್ಲೇ ಮಾಡೋಣ ಬಿಡು, ಮೊದಲೆಲ್ಲ ಹಾಗೇ ಅಲ್ವಾ, ಎಂದಿದ್ದ, ಗಾಳಿ ಇರಲಿಲ್ಲ, ಬಿಸಿಲು ಹದವಾಗಿತ್ತು, ಅಂಥ ದಿನ ಕೆಲಸ ತಾನೇ ಸಾಗುತ್ತದೆ, ಕಟ್ಟು ನಿಧಾನಕ್ಕೆ ಇಳಿಯುತ್ತಿದೆ, ಎಡಗೈ ಒಂದು ಹಿಡಿಕೆಯ ಮೇಲೆ, ಬಲಗೈ ಇನ್ನೊಂದರ ಮೇಲೆ, ಬಲಗೈ ಬಿಟ್ಟರೆ ಸಾಕು ಯಂತ್ರ ತಾನೇ ನಿಲ್ಲುತ್ತದೆ, ಬಿಡಲಿಲ್ಲ, ಆಗ ಮಣಿಕಟ್ಟಿನಲ್ಲಿ ಝುಂ, ಹಸಿರು ಮನುಷ್ಯ, ಎದ್ದು ನಿಲ್ಲಿ — ನೋಡಿದೆ. ಯಾಕೆ ನೋಡಿದೆ, ಅದೇನು ಹೊಸದೇ, ದಿನಕ್ಕೆ ಆರೇಳು ಸಲ ಅದೇ ಮಾತು, ಅದೇ ಬೊಂಬೆ, ನೋಡದೆಯೂ ಗೊತ್ತು, ಆದರೂ ಕಣ್ಣು ಹೋಯಿತು, ಎಲ್ಲಿ ನಿಲ್ಲಲಿ ಎಂದು ಮನಸ್ಸಿನಲ್ಲೇ ಮಗಳಿಗೆ ಉತ್ತರವನ್ನೂ ಕೊಟ್ಟೆ, ಎರಡು ಕ್ಷಣ, ಮೂರು ಇದ್ದೀತು, ತಲೆ ಎತ್ತಿದಾಗ ಕಟ್ಟಿನ ಒಂದು ಮೂಲೆ ಕಟ್ಟಡದ ಸುತ್ತ ಕಟ್ಟಿದ ಸಾರವೆಗೆ ಸಿಕ್ಕಿಕೊಂಡಿತ್ತು, ಇನ್ನೊಂದು ಕಡೆ ಮಾತ್ರ ಇಳಿಯುತ್ತಿತ್ತು, ಕಟ್ಟು ಓರೆಯಾಗಿ, ಪಟ್ಟಿ ಜಾರಿ, ಮೇಲಿನ ಹಲಗೆ ಹೊರಬಂದು, ನಾನು ಕೈ ಬಿಟ್ಟೆ, ಯಂತ್ರ ನಿಂತಿತು, ಹಲಗೆ ನಿಲ್ಲಲಿಲ್ಲ. ಏಣಿಯ ಇನ್ನೂರು ಚಿಲ್ಲರೆ ಮೆಟ್ಟಿಲನ್ನು ಹೇಗೆ ಇಳಿದೆನೋ, ಕೆಳಗೆ ಮುಟ್ಟುವ ಹೊತ್ತಿಗೆ ಮತ್ತೆ ಝುಂ, ಶಭಾಷ್, ಇಂದಿನ ಗುರಿ ಮುಟ್ಟಿದ್ದೀರಿ, ಬಣ್ಣಬಣ್ಣದ ಕಾಗದದ ಚೂರುಗಳು ಆ ಪುಟ್ಟ ಪರದೆಯ ತುಂಬ ಉದುರಿದವು.

ವಿಚಾರಣೆಗೆ ಬಂದ ಸುರಕ್ಷತಾ ಅಧಿಕಾರಿ ಒಳ್ಳೆಯ ಮನುಷ್ಯ, ನೀರು ಕುಡೀರಿ ಮೊದಲು, ಗಾಬರಿ ಬೇಡ, ಆ ಹೊತ್ತಿನಲ್ಲಿ ಸೂಚನೆ ಕೊಡೋನು ಕೈ ಎತ್ತಿದ್ನಾ, ಎಂದು ಕೇಳಿದಾಗ ನಾಲಿಗೆ ಹೊರಳಿಬಿಟ್ಟಿತು, ಇಲ್ಲ ಸರ್, ಎತ್ತಿರಲಿಲ್ಲ, ಯಾರೋ ನನ್ನ ಬಾಯಲ್ಲಿ ಕೂತು ಅಂದ ಹಾಗೆ, ಹೇಳಿದ ಮೇಲೆ ನುಂಗಿಕೊಳ್ಳುವುದು ಹೇಗೆ, ಬಡಗಿಗಳಿಬ್ಬರು ಕಂಬದ ಆಚೆಗಿದ್ದರು, ಏನೂ ನೋಡಿಲ್ಲ ಎಂದರು. ನಿಮ್ಮ ಕೈಲಿರೋದು ಹೃದಯದ ಬಡಿತ ನೋಡೋ ವಾಚಾ, ತೋರಿಸಿ, ಎಂದ, ಜೊತೆಗೆ ಬಂದಿದ್ದ ಮಗಳು ನನ್ನ ಫೋನಿನಲ್ಲಿ ಆ ದಿನದ ಗೆರೆ ತೆಗೆದು ತೋರಿಸಿದಳು, ಹನ್ನೊಂದೂವರೆಯಿಂದ ಸಮನಾಗಿ ಹೋದ ಗೆರೆ, ಅರವತ್ತನಾಲ್ಕು, ಅರವತ್ತನಾಲ್ಕು, ಆಮೇಲೆ ಏಣಿ ಇಳಿಯುವಾಗ ಒಂದೇ ಏರು, ನೋಡಿ, ಮನುಷ್ಯ ನಿದ್ದೆ ಮಾಡ್ತಿರಲಿಲ್ಲ, ಕುಡಿದಿರಲಿಲ್ಲ, ತಳಮಳ ಇರಲಿಲ್ಲ, ಗಮನ ಕೆಲಸದ ಮೇಲೇ ಇತ್ತು, ನಿಮ್ಮ ವಾಚೇ ನಿಮಗೆ ಸಾಕ್ಷಿ, ಎಂದು ಬರೆದುಕೊಂಡ. ವರದಿಯಲ್ಲಿ ಒಂದೇ ಸಾಲು, ಸೂಚಕನು ನಿಲುಗಡೆಯ ಸೂಚನೆ ನೀಡಿರಲಿಲ್ಲ. ಕೊಕ್ಕರೆ ಹೋದ ಹದಿನಾಲ್ಕನೇ ದಿನ ಅವನ ಹೆಂಡತಿ ನಮ್ಮ ಮನೆಗೆ ಬಂದಳು, ಕೂರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತೇ ಕೇಳಿದಳು, ಅಣ್ಣಾ, ಅವ್ರು ಕೈ ಎತ್ತಿರಲಿಲ್ವಾ, ಇಲ್ಲಮ್ಮಾ, ಮರೆತೋರಾ, ಗೊತ್ತಿಲ್ಲಮ್ಮಾ, ಅವ್ರು ಮರೆಯೋರಲ್ಲ ಅಣ್ಣಾ, ಮಲಗೋ ಮುಂಚೆ ಗ್ಯಾಸ್ ಮೂರು ಸಲ ನೋಡೋರು, ನಾನು ಬೈತಿದ್ದೆ — ಅಷ್ಟೇ ಹೇಳಿ ಮೆಟ್ಟಿಲಿಳಿದು ಹೋದಳು, ಅವಳ ಕೈಯಿಂದ ಬಿಸಿ ಬಟ್ಟೆಯ ವಾಸನೆ ಬರುತ್ತಿತ್ತು, ಚೌಕಟ್ಟಿನ ಹತ್ತಿರ ಅದು ಬಹಳ ಹೊತ್ತು ಇತ್ತು. ಮಂಡಿ ನೋವು ಎಂದು ಹೇಳಿ ನಾನು ನೆಲದ ಕೆಲಸ ಕೇಳಿ ತೆಗೆದುಕೊಂಡೆ, ಈಗ ಗೋದಾಮಿನಲ್ಲಿ ಕೊಕ್ಕೆಗಳನ್ನೂ ಉಕ್ಕಿನ ಹಗ್ಗಗಳನ್ನೂ ಪರೀಕ್ಷಿಸುತ್ತೇನೆ, ಎಲ್ಲಿ ಎಳೆ ಕಿತ್ತಿದೆ ಎಂದು ಬೆರಳಿನಿಂದ ಸವರಿ ನೋಡುತ್ತೇನೆ, ಐವತ್ತನೇ ನಿಮಿಷಕ್ಕೆ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಬಡಿತದ ಲೆಕ್ಕವೂ ಇದರಲ್ಲಿ ಪಕ್ಕಾ ಸರ್, ಹುಡುಗಿ ಹೊಸದನ್ನು ಅಂಗೈಯಿಲ್ಲದ ಕೈಯಿಂದ ಬಿಚ್ಚಿ ನನ್ನ ಮುಂದೆ ಇಡುತ್ತಾಳೆ, ಕ್ಷಣಕ್ಷಣಕ್ಕೂ ಅಳೆಯುತ್ತೆ, ನಿಮ್ಮ ಹಳೇ ಮಾಡೆಲ್ಲು ಹಾಗಲ್ಲ, ಅದು ಹತ್ತು ನಿಮಿಷಕ್ಕೊಂದ್ಸಲ ಅಷ್ಟೇ, ನಾನು ಗಾಜಿನಿಂದ ಕೈ ತೆಗೆಯುತ್ತೇನೆ, ಏನಮ್ಮಾ ಅಂದ್ರೆ, ಹತ್ತು ನಿಮಿಷಕ್ಕೊಂದು ಚುಕ್ಕಿ ಇಡುತ್ತೆ ಸರ್, ಓಡಾಡಿದ್ರೆ ಮಾತ್ರ ಬೇಗ ಬೇಗ ಅಳೆಯುತ್ತೆ, ಸುಮ್ನೆ ಕೂತಿದ್ರೆ ಚುಕ್ಕಿಯಿಂದ ಚುಕ್ಕಿಗೆ ಒಂದು ಗೆರೆ ಎಳೆದುಬಿಡುತ್ತೆ, ಮಧ್ಯದಲ್ಲಿ ಏನಾಯ್ತು ಅಂತ ಅದಕ್ಕೆ ಗೊತ್ತಿರಲ್ಲ. ಗೊತ್ತಿರಲ್ಲ. ಅಂದರೆ ನನ್ನ ಸಾಕ್ಷಿಗೇ ಗೊತ್ತಿಲ್ಲ, ಅಧಿಕಾರಿ ಬರೆದುಕೊಂಡ ಅರವತ್ತನಾಲ್ಕು ಯಾವುದೋ ಹಿಂದಿನ ಚುಕ್ಕಿ, ಕಟ್ಟು ಇನ್ನೂ ನೆಲದಲ್ಲಿದ್ದಾಗಿನದು, ಎಂಟು ತಿಂಗಳಿಂದ ಒಳಗೊಳಗೇ ಕೇಳಿಕೊಳ್ಳುತ್ತಿದ್ದೆ, ಅವನು ಕಣ್ಣೆದುರೇ ಹೋಗುವಾಗ ನಿನ್ನ ಎದೆ ಒಂದಿಷ್ಟೂ ಹಾರಲಿಲ್ಲವೇ, ನೀನು ಮನುಷ್ಯನೇ, ಎಂದು, ಹಾರಿರಬಹುದು, ಅಳೆಯಲಿಲ್ಲ ಅಷ್ಟೇ — ಒಂದು ಕ್ಷಣ ಹಗುರವಾಯಿತು, ನಿಜ, ನಾಚಿಕೆಯಾದರೂ ನಿಜ, ಆದರೆ ಹಾರಿದರೆ ಏನು, ಹಾರದಿದ್ದರೆ ಏನು, ಕೊಕ್ಕರೆಗೆ ಬೇಕಿದ್ದದ್ದು ನನ್ನ ಎದೆಯಲ್ಲ, ನನ್ನ ಕಣ್ಣು.

ತಗೊಳ್ತೀರಾ ಸರ್, ಎನ್ನುತ್ತಾಳೆ, ಹೂಂ ಎಂದುಬಿಟ್ಟೆ, ಯಾಕೆಂದರೆ ಹೂಂ ಎಂದರೆ ಮುಗಿಯುತ್ತದೆ, ಹಳೆಯದನ್ನು ಬಿಚ್ಚಿ ಕೊಟ್ಟೆ, ಮಣಿಕಟ್ಟಿನಲ್ಲಿ ಬಿಳಿಯ ಪಟ್ಟಿ ಉಳಿಯಿತು, ಬಿಸಿಲು ಕಾಣದ ಚರ್ಮ, ಅವಳು ಏನೇನೋ ಒತ್ತಿ ವಾಚನ್ನು ನನ್ನ ಕಡೆ ತಿರುಗಿಸಿದಳು, ಇದರಲ್ಲಿರೋದೆಲ್ಲ ಅಳಿಸಿಹೋಗುತ್ತೆ ಸರ್, ಹೊಸದಕ್ಕೆ ಬಡಿತ ಮಾತ್ರ ಬರುತ್ತೆ, ಸೂಚನೆಗಳ ಪಟ್ಟಿ ಬರಲ್ಲ, ಫೋನಿನಲ್ಲೂ ಇರಲ್ಲ, ಬೇಕಾದ್ದು ಇದ್ರೆ ಒಂದ್ಸಲ ನೋಡ್ಕೊಂಡುಬಿಡಿ, ಆಮೇಲೆ ಇಲ್ಲಿ ಒತ್ತಿ, ನೀವೇ ಒತ್ತಬೇಕು, ನಾವು ಒತ್ತೋ ಹಾಗಿಲ್ಲ. ಪಟ್ಟಿ ಉದ್ದಕ್ಕಿತ್ತು, ಬೆರಳಿನಿಂದ ಮೇಲೆ ತಳ್ಳಿದೆ, ಎದ್ದು ನಿಲ್ಲಿ, ಎದ್ದು ನಿಲ್ಲಿ, ಮಗಳ ಫೋನು, ಎದ್ದು ನಿಲ್ಲಿ, ಚಳಿಗಾಲ, ಅದರ ಹಿಂದಿನ ತಿಂಗಳು, ಆ ವಾರ, ಆ ದಿನ, ಹನ್ನೊಂದು ಐವತ್ತು, ಎದ್ದು ನಿಲ್ಲಿ, ಪಕ್ಕದಲ್ಲಿ ಒಂದು ಸಣ್ಣ ಕಣ್ಣಿನ ಗುರುತು. ಇದೇನಮ್ಮಾ, ಅದಾ ಸರ್, ಆಗಲೇ ಕೈ ತಿರುಗಿಸಿ ನೋಡಿದೀರಿ ಅಂತ. ನೋಡದೆ ಬಿಟ್ಟವಕ್ಕೆ ಆ ಗುರುತಿಲ್ಲ, ಆ ದಿನ ಬಂದ ಬೇರೆ ಯಾವ ಎದ್ದು ನಿಲ್ಲಿಗೂ ಇಲ್ಲ, ಅದೊಂದಕ್ಕೇ. ಹೆಬ್ಬೆರಳು ಅಳಿಸುವ ಗುಂಡಿಯ ಮೇಲೆ ಬಂದು ನಿಂತಿತು, ಒತ್ತಿದರೆ ಸಾಕು, ಲೋಕದಲ್ಲಿ ಬೇರೆಲ್ಲೂ ಇಲ್ಲದ ಒಂದು ಸಾಲು, ಆಮೇಲೆ ಉಳಿಯುವುದು ವರದಿಯ ಸಾಲು ಮಾತ್ರ, ಕೊಕ್ಕರೆ ಮರೆತ, ಕೊಕ್ಕರೆಯದೇ ತಪ್ಪು, ಗ್ಯಾಸನ್ನು ಮೂರು ಸಲ ನೋಡುವವನು — ಸರ್, ಹುಷಾರಿದೀರಾ, ನೀರು ತರಲಾ, ಬೇಡಮ್ಮಾ, ಹೊಸದೂ ಬೇಡ, ಎಂದೆ, ಹಳೆಯದನ್ನು ಅವಳ ಕೈಯಿಂದ ಕಸಿದುಕೊಂಡೆನೋ ಏನೋ, ಅವಳು ಒಂದು ಹೆಜ್ಜೆ ಹಿಂದೆ ಸರಿದಳು, ತಪ್ಪು ತಿಳೀಬೇಡ ತಾಯಿ, ಎಂದು ಹೇಳಿ ಹೊರಗೆ ಬಂದೆ.

ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೇನೆ, ಬಿಸಿಲಿದೆ, ಜನ ನನ್ನನ್ನು ಬಳಸಿಕೊಂಡು ಹತ್ತುತ್ತಾರೆ, ಮಗಳಿಗೆ ಮೊದಲು ಹೇಳಬೇಕು, ನೀನು ಕೊಟ್ಟ ವಾಚನ್ನು ನೋಡುತ್ತಿದ್ದೆ ಎಂದು ಅವಳಿಗೆ ಹೇಗೆ ಹೇಳುವುದು, ಅವಳು ಜೀವಮಾನವಿಡೀ ಅದನ್ನು ಹೊತ್ತಾಳು, ಆದರೂ ಹೇಳಬೇಕು, ಆಮೇಲೆ, ಮೊದಲು ಇದು, ಸಂಖ್ಯೆ ಒತ್ತಿದೆ, ಹಲೋ, ಇಸ್ತ್ರಿ ಅಂಗಡಿ, ಹಿಂದೆ ಉಗಿಯ ಬುಸ್ಸೆನ್ನುವ ಸದ್ದು, ನಾನಮ್ಮಾ, ಕ್ರೇನಿನವನು, ಹೇಳಿ ಅಣ್ಣಾ. ಎತ್ತಿದ್ದ. ಏನಣ್ಣಾ? ಕೈ ಎತ್ತಿದ್ದ ತಾಯಿ, ನಾನು ಸುಳ್ಳು ಹೇಳಿದೆ, ನಾನು ವಾಚು ನೋಡ್ತಿದ್ದೆ, ಅವನು ಎತ್ತಿದ್ದ, ನಾಳೆ ಅಧಿಕಾರಿ ಹತ್ರ ಹೋಗ್ತೀನಿ, ಹೇಳಿ ಬರೆಸ್ತೀನಿ, ವಾಚಿನಲ್ಲೇ ಇದೆ, ತೋರಿಸ್ತೀನಿ — ಉಗಿಯ ಸದ್ದು ನಿಂತಿತು, ಬೈಯಲಿ ಎಂದು ಕಾದೆ, ಅಳಲಿ ಎಂದು ಕಾದೆ, ಫೋನಿಟ್ಟುಬಿಡಲಿ, ಆಮೇಲೆ, ಸಣ್ಣ ದನಿಯಲ್ಲಿ, ಎಷ್ಟು ಹೊತ್ತು ಎತ್ತಿದ್ರು ಅಣ್ಣಾ, ಎಂದಳು. ಎಷ್ಟು ಹೊತ್ತು. ನಾನು ತಲೆ ಎತ್ತಿದಾಗ ಕೈ ಆಗಲೇ ಮೇಲಿತ್ತು, ಯಾವಾಗ ಎತ್ತಿದನೋ ನೋಡಲಿಲ್ಲ, ತೋಳು ನೆಟ್ಟಗೆ, ಬೆರಳು ಬಿಡಿಸಿ, ಓಡಲಿಲ್ಲ ಅವನು, ಪಕ್ಕಕ್ಕೆ ಒಂದು ಹೆಜ್ಜೆಯನ್ನೂ ಇಡಲಿಲ್ಲ, ಹನ್ನೊಂದು ವರ್ಷ ಅವನು ಕೈ ಎತ್ತಿದಾಗಲೆಲ್ಲ ನಿಂತಿತ್ತು, ಈಗಲೂ ನಿಲ್ಲುತ್ತದೆ ಎಂದು, ಇಗೋ ಈಗ ನಿಲ್ಲುತ್ತದೆ ಎಂದು, ನಿಂತೇ ಇದ್ದ, ನನ್ನ ಕಡೆ ಮುಖ ಮಾಡಿ, ಕೈ ಮೇಲಿತ್ತು, ಕೆಂಪು ಅಂಗೈ, ಮೇಲೇ ಇತ್ತು.